ಮದುಮಗ ಬರುವ ಮುಂಚಿನ ಸಂಗೀತ

ಹೋದ ತಿಂಗಳು ಒಂದು ಬುಧವಾರ, ಚಿತ್ರದುರ್ಗದಿಂದ ಹಿರಿಯೂರಿಗೆ ಹೋಗುವ ಬಸ್ಸಿನಲ್ಲಿ, ಪಕ್ಕದಲ್ಲಿ ಕೂತಿದ್ದ ಮುದುಕಿಯೊಬ್ಬಳು ನನ್ನ ಮೊಣಕಾಲಿನ ಮೇಲೆ ಕೈಯಿಟ್ಟು ಅದುಮಿ ಹಿಡಿದಳು. ಗುರುತಿಲ್ಲ, ಪರಿಚಯವಿಲ್ಲ. "ಕಾಲು ಅಳ್ಳಾಡಿಸ್‌ಬ್ಯಾಡ ಕಣಮ್ಮ, ಮನೆಗೆ ಒಳ್ಳೇದಲ್ಲ" ಎಂದಳು. ನನಗೆ ಐವತ್ತರ ಹತ್ತಿರ ವಯಸ್ಸು. ಕಾಲೇಜಿನಲ್ಲಿ ಇತಿಹಾಸ ಪಾಠ ಹೇಳುವವಳು. ದೂರದಿಂದ ನನ್ನನ್ನು ಕಂಡರೇ ಹುಡುಗರು ಮೊಬೈಲು ಬಚ್ಚಿಡುತ್ತಾರೆ. ಅಂಥ ನಾನು ಎರಡೂ ಕಾಲು ಜೋಡಿಸಿಕೊಂಡು ಕೂತೆ. ಕಿವಿಯಲ್ಲಿ ಇಯರ್‌ಫೋನಿತ್ತು, ಇಯರ್‌ಫೋನಿನಲ್ಲಿ ಜಾಜ್ ಇತ್ತು. ಜಾಜ್ ಕೇಳುತ್ತ ಕಾಲು ಆಡಿಸದೆ ಕೂರುವುದೆಂದರೆ ಮಂಡಕ್ಕಿ ಜೊತೆ ಮೆಣಸಿನಕಾಯಿ ಕಚ್ಚಿ ಮೂಗು ಒರೆಸಿಕೊಳ್ಳದೆ ಕೂತಂತೆ. ಅದೆಷ್ಟು ಕಷ್ಟ ಅಂತ ನೀವೇ ಒಂದು ಸಲ ಪ್ರಯತ್ನಿಸಿ ನೋಡಿ.

ನಮ್ಮ ಕಡೆ ಕಾಲಾಡಿಸುವುದು ಸಣ್ಣ ಅಪರಾಧವಲ್ಲ. ಹೊಲದ ಬದು ಒತ್ತಿದವನ ಪಕ್ಕದಲ್ಲೇ ಕೂತು ಪಂಕ್ತಿಯೂಟ ಮಾಡುತ್ತೇವೆ. ಒಂದು ಎಲೆಕ್ಷನ್ನಿನಲ್ಲಿ ಕೈಕೊಟ್ಟವನಿಗೆ ಮುಂದಿನ ಎಲೆಕ್ಷನ್ನಿನಲ್ಲಿ ಹಾರ ಹಾಕುತ್ತೇವೆ. ಕಾಲಾಡಿಸುವವರನ್ನು ಮಾತ್ರ ಬಿಡುವುದಿಲ್ಲ. ಹೊಳಲ್ಕೆರೆಯ ನನ್ನ ಅಜ್ಜಿ, ಅಂದರೆ ಅವ್ವನ ಅವ್ವ, ಇದಕ್ಕೆ ದಿನಕ್ಕೊಂದು ಕಾರಣ ಕೊಡುತ್ತಿದ್ದಳು. ಸೋಮವಾರ ಕಾಲಾಡಿಸಿದರೆ ಲಕ್ಷ್ಮಿ ಮನೆ ಬಿಟ್ಟು ಹೋಗುತ್ತಿದ್ದಳು, ಮಂಗಳವಾರವಾದರೆ ಹೆತ್ತವ್ವ ಕಾಯಿಲೆ ಬೀಳುತ್ತಿದ್ದಳು, ಶುಕ್ರವಾರವಾದರೆ ಮುಂದೆ ನನಗೆ ಸಿಗಲಿದ್ದ ಅತ್ತೆ ಕೆಟ್ಟವಳಾಗುತ್ತಿದ್ದಳು. ಎಮ್ಮೆ ಹಾಲು ಕೊಡದೆ ಒದ್ದ ದಿನ ಮನೆಮಂದಿಯೆಲ್ಲ ಎಮ್ಮೆಯ ಕಾಲು ಬಿಟ್ಟು ನನ್ನ ಕಾಲು ನೋಡಿದ್ದರು.

ಹೀಗೆ ಅಜ್ಜಿ ನನ್ನ ಕಾಲು ಕಟ್ಟಿಹಾಕಿದಳು. ಶಾಲೆಯಲ್ಲಿ ಮೇಷ್ಟ್ರು ಕೈ ಕಟ್ಟಿಸಿದರು, ಬಾಯಿ ಮುಚ್ಚಿಸಿದರು. ಉಳಿದದ್ದು ಕಿವಿ ಒಂದೇ. ನನ್ನ ಬದುಕಿನ ಅನಾಹುತಗಳೆಲ್ಲ ಆ ಕಿವಿಯಿಂದಲೇ ಆದವು.

ಎರಡು ವರ್ಷದ ಹಿಂದೆ ನಮ್ಮ ಹಿರಿಯೂರಿನ ಕಾಲೇಜಿಗೆ ಹೊಸ ಐಚ್ಛಿಕ ವಿಷಯಗಳು ಬಂದವು. ವಿದ್ಯಾರ್ಥಿಗಳು ತಮಗೆ ಸಂಬಂಧವೇ ಇಲ್ಲದ ಏನನ್ನಾದರೂ ಓದಿ ಸರ್ವಾಂಗೀಣವಾಗಿ ಬೆಳೆಯಬೇಕಂತೆ. ಯಾವ ಅಂಗ ಎಂದು ಆದೇಶದಲ್ಲಿ ಇರಲಿಲ್ಲ. ನಮ್ಮ ಪ್ರಿನ್ಸಿಪಾಲರು ಲೆಕ್ಕಾಚಾರದ ಮನುಷ್ಯ. ಈಜು ತೆಗೆದುಕೊಂಡರೆ ಕೊಳ ಬೇಕು, ಫೋಟೋಗ್ರಫಿಗೆ ಕ್ಯಾಮೆರಾ ಬೇಕು, ಕುಂಬಾರಿಕೆಗೆ ಮಣ್ಣಾದರೂ ಬೇಕು. 'ಜಾಜ್ ಸಂಗೀತದ ಮೂಲಪಾಠಗಳು' ಎಂಬುದಕ್ಕೆ ಏನು ಬೇಕೆಂದು ಯಾರಿಗೂ ಗೊತ್ತಿರಲಿಲ್ಲ. ಗೊತ್ತಿಲ್ಲದ್ದರಿಂದ ಏನೂ ಬೇಡವೆಂದು ತೀರ್ಮಾನಿಸಿ ಅದನ್ನೇ ಆರಿಸಿ, ನನ್ನನ್ನು ಕರೆದರು.

"ಮೇಡಂ, ಜಾಜ್ ನೀವೇ ತಗಳ್ರಿ."

"ನಾನು ಹಿಸ್ಟರಿ, ಸರ್."

"ಜಾಜ್ ಏನು ಹೊಸಾದಾ? ಹಳೇದೇ ಅಲ್ವಾ? ಹಳೇದೆಲ್ಲ ಹಿಸ್ಟರೀನೇ. ಅಲ್ದೆ ನೀವು ಯಾವಾಗ್ಲೂ ಕಿವಿಗೆ ಏನೋ ತುರುಕ್ಕಂಡೇ ಇರ್ತೀರಿ. ಇನ್ಯಾರಿಗೆ ಕೊಡಾಣ ಹೇಳ್ರಿ."

ಒಳಗೊಳಗೆ ಕುಣಿದಾಡುವಷ್ಟು ಖುಷಿಯಾಯಿತು. ಮುಖ ಮಾತ್ರ ಗಂಟಿಕ್ಕಿಕೊಂಡೇ ಒಪ್ಪಿಕೊಂಡೆ. ಖುಷಿಯಿಂದ ಕೆಲಸ ಒಪ್ಪಿಕೊಂಡವರಿಗೆ ನಮ್ಮಲ್ಲಿ ಬಹುಮಾನವಾಗಿ ಇನ್ನೊಂದು ಕೆಲಸ ಕೊಡುತ್ತಾರೆ.

ಬುಧವಾರ ಬೆಳಗ್ಗೆ ಮೊದಲನೇ ಪೀರಿಯಡ್ಡು ನನ್ನದಾಯಿತು. ಬೇರೆ ಐಚ್ಛಿಕಗಳಲ್ಲಿ ಜಾಗ ಸಿಗದವರೆಲ್ಲ ನನ್ನ ಮುಂದೆ ಬಂದು ಕೂತರು. ಮುಂದಿನ ಬೆಂಚಿನಲ್ಲಿ ಹರಿಯಬ್ಬೆಯ ರೂಪಾ. ಕಾಲೇಜಿಗೆ ಮೊದಲು ಬರುವ ಹುಡುಗಿ, ಪರೀಕ್ಷೆಯಲ್ಲೂ ಮೊದಲು. ಹಿಂದಿನ ಬೆಂಚಿನಲ್ಲಿ ಆದಿವಾಲದ ಮಂಜುನಾಥ. ಅವನು ಬರುವುದು ಬಸ್ಸಿನ ದಯೆ. ಆಫ್ರಿಕದಿಂದ ಜನರನ್ನು ಗುಲಾಮರಾಗಿ ಅಮೆರಿಕಕ್ಕೆ ಹೊತ್ತು ತಂದದ್ದು, ಅವರು ಹತ್ತಿಯ ಹೊಲದಲ್ಲಿ ಒಬ್ಬರು ಕೂಗಿ ಉಳಿದವರು ಉತ್ತರ ಕೊಟ್ಟು ಹಾಡಿದ್ದು, ಅವರ ಮಕ್ಕಳು ಮೊಮ್ಮಕ್ಕಳು ಬ್ಯಾಂಡು ಕಟ್ಟಿದ್ದು, ಎಲ್ಲ ಹೇಳಿದೆ. ಮೊದಲು ಎಲ್ಲರೂ ಕೂಡಿ ಒಂದು ಧಾಟಿ ನುಡಿಸುತ್ತಾರೆ. ಆಮೇಲೆ ಒಬ್ಬೊಬ್ಬರದೇ ಸರದಿ. ಆ ಧಾಟಿಯನ್ನೇ ಹಿಡಿದು ಅವರವರಿಗೆ ಆ ಹೊತ್ತಿಗೆ ತೋಚಿದ್ದನ್ನು ನುಡಿಸುತ್ತಾರೆ. ಕೊನೆಗೆ ಮತ್ತೆ ಎಲ್ಲರೂ ಕೂಡುತ್ತಾರೆ. ನಮ್ಮ ಹಾಡುಗಾರರು ಮನೋಧರ್ಮ ಅನ್ನುತ್ತಾರಲ್ಲ, ಅದು ಇಲ್ಲಿ ಉಸಿರು. ಇಷ್ಟು ಹೇಳಿ ಪುಟ್ಟ ಸ್ಪೀಕರಿನಲ್ಲಿ ಒಂದು ತುಣುಕು ಕೇಳಿಸಿ, ಮಕ್ಕಳ ಮುಖ ಬೆಳಗುವುದನ್ನೇ ಕಾದು ನಿಂತೆ.

"ಮೇಡಂ, ಇವ್ರು ಪ್ರಾಕ್ಟೀಸೇ ಮಾಡಿಲ್ವಾ? ಒಬ್ಬೊಬ್ರು ಒಂದೊಂದ್ ಕಡೆ ಹೋಗ್ತಾ ಅವ್ರೆ" ಎಂದ ಮಂಜುನಾಥ.

ರೂಪಾ ಕೈಯೆತ್ತಿದಳು. "ಮೇಡಂ, ಮನೋಧರ್ಮ ಐದು ಮಾರ್ಕ್ಸಿಗೆ ಬರುತ್ತಾ, ಹತ್ತು ಮಾರ್ಕ್ಸಿಗೆ ಬರುತ್ತಾ?"

ಇರಲಿ, ಕಾಲಿನಿಂದ ಶುರು ಮಾಡೋಣವೆಂದು, "ಎಲ್ಲರೂ ಪಾದದಲ್ಲಿ ತಾಳ ಹಾಕಿ" ಎಂದೆ. ನೆಲದ ಮೇಲೆ ಉಗಿಯಿರಿ ಎಂದೆನೇನೋ ಎಂಬಂತೆ ಎಲ್ಲರೂ ನನ್ನನ್ನು ನೋಡಿದರು. ಒಂದು ಪಾದವೂ ಅಲುಗಲಿಲ್ಲ. "ದೊಡ್ಡೋರ ಮುಂದೆ ಕಾಲಾಡಿಸ್‌ಬಾರ್ದು ಮೇಡಂ, ನಮ್ಮಮ್ಮ ಬೈತಾಳೆ" ಎಂದ ಮಂಜುನಾಥ, ಯಾರ ಮಾತನ್ನೂ ಕೇಳದವನು. ಆಗ ನನಗೆ ಗೊತ್ತಾಯಿತು, ನನ್ನ ಅಜ್ಜಿ ಹೊಳಲ್ಕೆರೆಯಲ್ಲಿ ಒಬ್ಬಳೇ ಇರಲಿಲ್ಲ, ಆದಿವಾಲದಲ್ಲೂ ಇದ್ದಳು, ಹರಿಯಬ್ಬೆಯಲ್ಲೂ ಇದ್ದಳು. ಚಪ್ಪಾಳೆಯನ್ನಾದರೂ ಹಾಕಿ ಎಂದೆ. ಹಾಕಿದರು, ಶನಿವಾರದ ಭಜನೆಗೆ ಹಾಕುವ ಹಾಗೆ, ಒಂದು ಎಂದ ಕೂಡಲೇ ಎಲ್ಲ ಒಟ್ಟಿಗೆ. "ಹಾಗಲ್ಲ, ನಾಲ್ಕರವರೆಗೆ ಎಣಿಸಿದರೆ ಇದರಲ್ಲಿ ತೂಕ ಬೀಳುವುದು ಎರಡಕ್ಕೆ, ನಾಲ್ಕಕ್ಕೆ. ಒಂದನ್ನು ಬಿಟ್ಟುಬಿಡಿ" ಎಂದೆ. ಅರ್ಧ ಜನ ಕೈ ಮೇಲೆತ್ತಿದರು, ರೂಪಾಳ ಕಡೆ ನೋಡಿದರು, ರೂಪಾ ಹಾಕಿದ ಮೇಲೆ ಹಾಕಿದರು. ತಪ್ಪಿದರೂ ಚಿಂತೆಯಿಲ್ಲ, ಎಲ್ಲರ ಜೊತೆ ತಪ್ಪಬೇಕು ಎಂಬುದನ್ನು ಒಂದನೇ ಕ್ಲಾಸಿನಿಂದ ನಾವೇ ಕಲಿಸಿದ್ದೇವೆ. ಆ ಒಂದು ಪಾಠದಲ್ಲಿ ನಮ್ಮ ಜಿಲ್ಲೆಯ ಫಲಿತಾಂಶ ಯಾವತ್ತೂ ಕಡಿಮೆಯಾದದ್ದಿಲ್ಲ.

ಕೊನೆಗೆ ಸಾಕಾಗಿ, ಒಂದು ಬುಧವಾರ ಪುಸ್ತಕ ಮುಚ್ಚಿಟ್ಟು ಬಾಗೂರಿನ ಮದುವೆಯ ಕತೆ ಹೇಳಿದೆ.

ಆಗ ನಾನು ಲಂಗದ ಹುಡುಗಿ. ಹೊಸದುರ್ಗದ ಹತ್ತಿರದ ಬಾಗೂರಿನಲ್ಲಿ ನೆಂಟರ ಮದುವೆ. ಮದುಮಗನ ಕಡೆಯವರ ಬಸ್ಸು ದಾರಿಯಲ್ಲೆಲ್ಲೋ ಕೆಟ್ಟು ನಿಂತಿತ್ತು. ಚಪ್ಪರದ ಬಾಯಲ್ಲಿ ಬ್ಯಾಂಡ್‌ಸೆಟ್ಟಿನವರು, ಕೆಂಪು ಕೋಟು, ಬಣ್ಣ ಹೋದ ಗುಂಡಿಗಳು. ನುಡಿಸಬೇಕೆಂದು ಹೇಳಿದ್ದ ಹಾಡನ್ನೆಲ್ಲ ನುಡಿಸಿದರು, ಇನ್ನೊಂದು ಸಲ ನುಡಿಸಿದರು, ಮದುಮಗನ ಸುಳಿವಿಲ್ಲ. ಹಿರಿಯರು ತೂಕಡಿಸಿದರು, ಅಡುಗೆಯವರು ಬೈದರು, ಮಕ್ಕಳು ಅತ್ತರು. ಯಾರೂ ಕೇಳುತ್ತಿಲ್ಲವೆಂದು ಖಾತ್ರಿಯಾದ ಮೇಲೆ, ಕ್ಲಾರಿನೆಟ್ಟಿನವನು ಆಗ ತಾನೇ ನುಡಿಸಿದ ಹಾಡನ್ನೇ ಸ್ವಲ್ಪ ಸೊಟ್ಟಗೆ ಮಾಡಿ ನುಡಿಸಿದ. ಡ್ರಮ್ಮಿನವನು ನಕ್ಕು, ಬೀಳಬಾರದ ಕಡೆ ಒಂದು ಏಟು ಹಾಕಿದ. ಕ್ಲಾರಿನೆಟ್ಟು ಆ ಏಟನ್ನು ಹಿಡಿದು ಇನ್ನೆಲ್ಲಿಗೋ ಹೋಯಿತು. ಟ್ರಂಪೆಟ್ಟು ನಡುವೆ ಬಾಯಿ ಹಾಕಿತು. ಇಬ್ಬರು ಬೈದಾಡುತ್ತಿದ್ದಾರೋ, ಮುದ್ದು ಮಾಡುತ್ತಿದ್ದಾರೋ ತಿಳಿಯದ ಹಾಗೆ ತುಂಬ ಹೊತ್ತು ನಡೆಯಿತು. ನನ್ನ ಕಾಲು ನನ್ನ ಕೈಮೀರಿ ಆಡತೊಡಗಿತ್ತು. ಎಂದಿನಂತೆ ಅಜ್ಜಿಯ ಕೈ ಬಂದು ಮೊಣಕಾಲನ್ನು ಅದುಮಿತು. ಆದರೆ ಆ ಕೈ ವಾಪಸು ಹೋಗಲಿಲ್ಲ. ಸ್ವಲ್ಪ ಹೊತ್ತಿಗೆ ಅಜ್ಜಿಯ ಬೆರಳುಗಳು ನನ್ನ ಮೊಣಕಾಲಿನ ಮೇಲೆ ಮೆತ್ತಗೆ ತಟ್ಟುತ್ತಿದ್ದವು. ಮುಖ ಮಾತ್ರ ತನಗೂ ಆ ಕೈಗೂ ಸಂಬಂಧವಿಲ್ಲದಂತೆ ಮಂಟಪದ ಕಡೆಗಿತ್ತು. ನನ್ನ ಇಡೀ ಬಾಲ್ಯದಲ್ಲಿ ಅಜ್ಜಿಯನ್ನು ನಾನು ಅಷ್ಟು ಪ್ರೀತಿಸಿದ ಗಳಿಗೆ ಇನ್ನೊಂದಿಲ್ಲ.

ಅಷ್ಟರಲ್ಲಿ "ಬಂದ್ರು, ಬಂದ್ರು" ಎಂದು ಕೂಗೆದ್ದಿತು. ಬ್ಯಾಂಡಿನವರು ಅಲ್ಲಿಗೇ ಕತ್ತರಿಸಿ ಎಂದಿನ ಮೆರವಣಿಗೆಯ ಹಾಡು ಎತ್ತಿಕೊಂಡರು. ಅಜ್ಜಿಯ ಕೈ ಸೆರಗಿನೊಳಕ್ಕೆ ಹೋಯಿತು. ಆ ಮದುಮಗನಿಗೆ ಈಗ ಮೊಮ್ಮಕ್ಕಳಾಗಿವೆ, ಎಲ್ಲಾದರೂ ಸಿಕ್ಕರೆ ಕಾಫಿ ಕುಡಿಸುತ್ತಾನೆ. ಇವತ್ತಿಗೂ ಅವನ ಮೇಲೆ ನನಗೆ ಕೋಪ ಹೋಗಿಲ್ಲ. ಮುಂದೆ ಮೈಸೂರಿನ ಹಾಸ್ಟೆಲಿನಲ್ಲಿ ಗೆಳತಿಯೊಬ್ಬಳ ಕ್ಯಾಸೆಟ್ಟಿನಲ್ಲಿ ಮೊದಲ ಸಲ ಜಾಜ್ ಕೇಳಿದಾಗ, ಇದು ಮದುಮಗ ಬರುವ ಮುಂಚಿನ ಸಂಗೀತವಲ್ಲವೇ ಎನ್ನಿಸಿ ಕಣ್ಣಲ್ಲಿ ನೀರು ಬಂದಿತ್ತು.

ಕತೆ ಮುಗಿಯಿತು. ಹಿಂದಿನ ಬೆಂಚಿನಿಂದ ಮಂಜುನಾಥ, "ಅಂದ್ರೆ ಮೇಡಂ, ಬರಬೇಕಾದೋನು ಬರ್ದೇ ಇದ್ರೆ ಅದು ಜಾಜು" ಎಂದ. ನಾನು ಓದಿದ ಯಾವ ಪುಸ್ತಕದಲ್ಲೂ ಇಷ್ಟು ಚೊಕ್ಕವಾಗಿ ಬರೆದಿರಲಿಲ್ಲ. ರೂಪಾ ಅದನ್ನೂ ಬರೆದುಕೊಂಡಳು.

ಇನ್ನೇನು ಬೆಂಚುಗಳಿಗೆ ಜೀವ ಬರುತ್ತದೆ ಎನ್ನುವ ಹೊತ್ತಿಗೆ ಸುದ್ದಿ ಬಂತು. ಮೇಲಿನಿಂದ ಪರಿಶೀಲನಾ ಸಮಿತಿ ಬರುತ್ತದೆ, ಹೊಸ ಐಚ್ಛಿಕಗಳನ್ನು ನೋಡುತ್ತದೆ, ಮೆಚ್ಚಿದ್ದನ್ನು ಉಳಿಸುತ್ತದೆ. ಮೆಚ್ಚದಿದ್ದರೆ ಬುಧವಾರದ ಆ ಹೊತ್ತು ಸ್ಪರ್ಧಾತ್ಮಕ ಪರೀಕ್ಷೆಯ ತರಬೇತಿಗೆ ಹೋಗುತ್ತದೆ. ವಾರದ ಐದು ದಿನ ನಾನು ಹಳೆಯ ಯುದ್ಧಗಳ ಇಸವಿ ಹೇಳಿ ಬದುಕುವವಳು. ಬುಧವಾರ ಒಂದು ದಿನ ಬಸ್ಸು ಹತ್ತುವಾಗ ಮೈ ಹಗುರವಾಗುತ್ತಿತ್ತು. ಅದೊಂದನ್ನು ಕಿತ್ತುಕೊಂಡರೆ ನನಗೆ ಉಳಿಯುವುದು ಸಂಬಳ ಮಾತ್ರ.

ಪ್ರಿನ್ಸಿಪಾಲರು ತಯಾರಿಯನ್ನು ತಾವೇ ವಹಿಸಿಕೊಂಡರು. "ನೀವು ಚಿಂತಿ ಮಾಡ್‌ಬ್ಯಾಡ್ರಿ ಮೇಡಂ, ಎಲ್ಲಾ ನಾನು ನೋಡ್ಕಂತೀನಿ" ಎಂದವರು ನಿಜಕ್ಕೂ ನೋಡಿಕೊಂಡರು. ಹುಡುಗರು ಕೈಕಟ್ಟಿ ಕೂರಬೇಕು. ಕಾಲು ಜೋಡಿಸಿರಬೇಕು. ಸಮಿತಿಯ ಅಧ್ಯಕ್ಷರು ಕೇಳುವ ಪ್ರಶ್ನೆ ಇದು, ರೂಪಾ ಎದ್ದು ಹೇಳುವ ಉತ್ತರ ಇದು: "ಮನೋಧರ್ಮವೆಂದರೆ ಯಾವುದೇ ಪೂರ್ವಸಿದ್ಧತೆಯಿಲ್ಲದೆ ಆ ಕ್ಷಣಕ್ಕೆ ತೋಚಿದ್ದನ್ನು ನುಡಿಸುವುದು." ಯಾವುದೇ ಪೂರ್ವಸಿದ್ಧತೆಯಿಲ್ಲದೆ ಎಂಬುದನ್ನು ತಡವರಿಸದೆ ಹೇಳಲು ಒಂದು ವಾರ ಪೂರ್ವಸಿದ್ಧತೆ ನಡೆಯಿತು. ಹಿಂದಿನ ಬೆಂಚುಗಳ ಕಡೆ ಬಂದಾಗ ಪ್ರಿನ್ಸಿಪಾಲರ ದನಿ ಏರುತ್ತಿತ್ತು. "ಲೇ ಮಂಜ, ಕಾಲು! ಏನಪ್ಪಾ ನೀನು, ಮನೇಲಿ ಹೇಳ್ಕೊಟ್ಟಿಲ್ವಾ?" ತರಗತಿ ಉಳಿಯಲಿ ಎಂಬ ಆಸೆಯಿಂದ ನಾನು ಇದನ್ನೆಲ್ಲ ಪಕ್ಕದಲ್ಲಿ ನಿಂತು ತಲೆಯಾಡಿಸುತ್ತ ನೋಡಿದೆ.

ಸಮಿತಿ ಬರುವ ದಿನ ಬೆಳಗ್ಗೆ ಹತ್ತಕ್ಕೆ ಸಭಾಂಗಣ ತುಂಬಿತು. ಮೇಜಿಗೆ ಜಮಖಾನ, ಶಾಲು, ಹಣ್ಣಿನ ಬುಟ್ಟಿ, ಹಚ್ಚಲು ದೀಪ, ದೀಪ ಹಚ್ಚಲು ಇನ್ನೊಂದು ದೀಪ. ಸಮಿತಿಯೊಂದು ಬಿಟ್ಟು ಎಲ್ಲವೂ ಬಂದಿತ್ತು. ಹನ್ನೊಂದಾಯಿತು, ಬೆಳಗಿನ ತಿಂಡಿಗೆ ಚಿತ್ರದುರ್ಗದಲ್ಲಿ ನಿಂತಿದ್ದಾರಂತೆ. ಹನ್ನೆರಡಾಯಿತು, ಕೋಟೆ ನೋಡುತ್ತಿದ್ದಾರಂತೆ. ಪ್ರಿನ್ಸಿಪಾಲರು ಬಾಗಿಲಲ್ಲಿ ನಿಂತು ಗೇಟಿನ ಕಡೆ ಕಣ್ಣು ನೆಟ್ಟಿದ್ದರು. ಹುಡುಗರ ಕೈಕಟ್ಟು ಸಡಿಲವಾಯಿತು.

ಯಾರು ಮೊದಲು ಶುರು ಮಾಡಿದರೋ ನಾನು ನೋಡಲಿಲ್ಲ. ಹಿಂದಿನ ಸಾಲಿನಲ್ಲಿ ಯಾರೋ ಬೆಂಚು ತಟ್ಟಿದರು, ಎರಡಕ್ಕೆ, ನಾಲ್ಕಕ್ಕೆ. ಒಂದನ್ನು ಬಿಟ್ಟುಬಿಟ್ಟಿದ್ದರು! ಇನ್ನಷ್ಟು ಕೈ ಸೇರಿದವು. ಮಂಜುನಾಥ ಊಟದ ಡಬ್ಬಿಯ ಮುಚ್ಚಳ ತೆಗೆದು ಅದರ ಅಂಚಿನಲ್ಲಿ ತನ್ನ ಸರದಿ ಮುಗಿಸಿ ಪಕ್ಕದವನಿಗೆ ಕಣ್ಸನ್ನೆ ಮಾಡಿದ. ಅವನು ನೀರಿನ ಬಾಟಲಿಯಲ್ಲಿ, ಅವನ ಪಕ್ಕದವಳು ಬಳೆಯಲ್ಲಿ. ಸರದಿ ಸಾಲಿನಿಂದ ಸಾಲಿಗೆ ಮುಂದಕ್ಕೆ ಬಂದು ರೂಪಾಳ ಹತ್ತಿರ ನಿಂತಿತು. ಎಲ್ಲರೂ ತಾಳ ಬಿಡದೆ ಕಾದರು. ಅವಳ ಹತ್ತಿರ ಡಬ್ಬಿಯಿರಲಿಲ್ಲ, ಬಳೆಯಿರಲಿಲ್ಲ, ಬಾಯಿಪಾಠ ಮಾಡಿದ ಒಂದೇ ಒಂದು ವಾಕ್ಯ ಇತ್ತು. ಅವಳು ಕಣ್ಣು ಮುಚ್ಚಿಕೊಂಡು ಅದನ್ನೇ ಎತ್ತಿಕೊಂಡಳು. "ಪೂರ್ವ... ಪೂರ್ವ... ಪೂರ್ವಸಿದ್ಧತೆ ಇಲ್ಲ. ಇಲ್ಲ, ಇಲ್ಲ, ಇಲ್ಲದೆ. ಆ ಕ್ಷಣಕ್ಕೆ, ಆ ಆ ಆ ಕ್ಷಣಕ್ಕೆ, ತೋಚಿದ್ದು, ತೋಚಿದ್ದು, ತೋಚದ್ದು..." ತೋಚದ್ದು ಎಂಬುದು ಅವಳದೇ ಸ್ವಂತ, ಪ್ರಿನ್ಸಿಪಾಲರು ಹೇಳಿಕೊಟ್ಟದ್ದಲ್ಲ. ಅವಳು ವಾಕ್ಯವನ್ನು ಮುರಿದಳು, ತಿರುಗಿಸಿದಳು, ಹಿಂದುಮುಂದು ಮಾಡಿದಳು. ಸಭಾಂಗಣದ ಕಾಲುಗಳೆಲ್ಲ ಆಡುತ್ತಿದ್ದವು. ದೇವರೇ, ಸಮಿತಿ ಈಗಲೇ ಬರಲಿ, ಇದನ್ನು ನೋಡಲಿ ಎಂದು ಬೇಡಿಕೊಂಡೆ. ಬಾಗಿಲ ಕಡೆ ನೋಡಿದರೆ ಬೆನ್ನು ಮಾಡಿ ನಿಂತಿದ್ದ ಪ್ರಿನ್ಸಿಪಾಲರ ಕರಿಯ ಶೂ ನೆಲವನ್ನು ತಟ್ಟುತ್ತಿತ್ತು, ಎರಡಕ್ಕೆ, ನಾಲ್ಕಕ್ಕೆ.

ಗೇಟಿನಲ್ಲಿ ಹಾರ್ನ್ ಆಯಿತು. "ಬಂದ್ರು ಸಾ, ಬಂದ್ರು!" ಎಂದು ಅಟೆಂಡರ್ ಓಡಿ ಬಂದ. ಶೂ ನಿಂತಿತು. ಡಬ್ಬಿಗೆ ಮುಚ್ಚಳ ಬಿತ್ತು. ಸಮಿತಿ ಒಳಗೆ ಕಾಲಿಡುವಾಗ ಅಷ್ಟೂ ಮಕ್ಕಳು ಕೈಕಟ್ಟಿ, ಬಾಯಿ ಮುಚ್ಚಿ, ಕಾಲು ಜೋಡಿಸಿ ಕೂತಿದ್ದರು. ದೀಪ, ಶಾಲು, ಸ್ವಾಗತ, ಪ್ರಾಸ್ತಾವಿಕ ಎಲ್ಲ ಮುಗಿದ ಮೇಲೆ ಪ್ರಿನ್ಸಿಪಾಲರು ಮೊದಲೇ ಬರೆದುಕೊಟ್ಟಿದ್ದ ಪ್ರಶ್ನೆಯನ್ನೇ ಅಧ್ಯಕ್ಷರು ಕೇಳಿದರು. ರೂಪಾ ಎದ್ದು ಅದೇ ವಾಕ್ಯವನ್ನು ಒಂದೇ ಉಸಿರಿಗೆ ಸಪಾಟಾಗಿ ಒಪ್ಪಿಸಿ ಕೂತಳು. ಅಧ್ಯಕ್ಷರ ಕಣ್ಣು ಅರಳಿತು.

"ಜಾಜ್ ಅಂದರೆ ಏನೋ ಗಲಾಟೆ ಸಂಗೀತ ಅಂದುಕೊಂಡಿದ್ದೆ. ಇಷ್ಟು ಶಿಸ್ತಿನಿಂದಲೂ ಕಲಿಸಬಹುದು ಅಂತ ಇವತ್ತು ಗೊತ್ತಾಯಿತು" ಎಂದರು. ಸಭೆ ಚಪ್ಪಾಳೆ ಹೊಡೆಯಿತು, ಒಂದು ಎಂದ ಕೂಡಲೇ, ಎಲ್ಲ ಒಟ್ಟಿಗೆ.

ತರಗತಿ ಉಳಿಯಿತು. ಬರೀ ಉಳಿಯಲಿಲ್ಲ, ಈ ವರ್ಷದಿಂದ ನಮ್ಮ ಕಾಲೇಜಿನ ಎಲ್ಲರಿಗೂ ಕಡ್ಡಾಯವಾಯಿತು. ಪಠ್ಯಪುಸ್ತಕ, ಲಿಖಿತ ಪರೀಕ್ಷೆ, ಹಾಜರಾತಿ. 'ಪೂರ್ವಸಿದ್ಧತೆಯಿಲ್ಲದೆ ನುಡಿಸುವುದು ಹೇಗೆ, ಹಂತ ಹಂತವಾಗಿ ವಿವರಿಸಿ' ಎಂಬ ಪ್ರಶ್ನೆ ನಾನೇ ತಯಾರಿಸಬೇಕಾಯಿತು. ಬೇಡಿದ್ದು ಸಿಕ್ಕಿತ್ತು. ಬುಧವಾರ ಕ್ಲಾಸಿನೊಳಗೆ ಹೋದರೆ ಮೊದಲಿಗಿಂತ ಎರಡರಷ್ಟು ಮಕ್ಕಳು ಕೈಕಟ್ಟಿ ಕೂತಿರುತ್ತಿದ್ದರು. ನಾನು ಪಾಠ ಹೇಳುತ್ತಿದ್ದೆ, ಅವರು ಬರೆದುಕೊಳ್ಳುತ್ತಿದ್ದರು. ಬಸ್ಸು ಹತ್ತುವಾಗ ಮೈ ಭಾರವಾಗತೊಡಗಿತು, ಒಂದೆರಡು ಸಲ ಕಿಟಕಿಯ ಕಡೆ ಮುಖ ಮಾಡಿ ಅತ್ತದ್ದೂ ಉಂಟು.

ಹೋದ ತಿಂಗಳ ಆ ಬುಧವಾರ, ಮುದುಕಿ ನನ್ನ ಮೊಣಕಾಲು ಹಿಡಿದು ಕೂತಿದ್ದಾಗಲೇ, ಐಮಂಗಲದ ಹತ್ತಿರ ಬಸ್ಸು ನಿಂತುಬಿಟ್ಟಿತು. ಗಾಳಿಯಂತ್ರದ ಉದ್ದನೆಯ ರೆಕ್ಕೆ ಹೊತ್ತ ಲಾರಿಯೊಂದು ತಿರುವಿನಲ್ಲಿ ಸಿಕ್ಕಿಕೊಂಡು ಹಿಂದೆಯೂ ಹೋಗದೆ ಮುಂದೆಯೂ ಹೋಗದೆ ರಸ್ತೆಯನ್ನು ಅಳೆಯುತ್ತಿತ್ತು. ನಾನು ಕಾಲೇಜು ತಲುಪಿದಾಗ ಪೀರಿಯಡ್ಡು ಅರ್ಧ ಆಗಿತ್ತು. ಏದುಸಿರು ಬಿಡುತ್ತ ಮೊಗಸಾಲೆಗೆ ಬಂದವಳು ಬಾಗಿಲ ಹೊರಗೇ ನಿಂತೆ.

ಒಳಗೆ ಬೆಂಚುಗಳು ಮಾತಾಡುತ್ತಿದ್ದವು. ಎರಡಕ್ಕೆ, ನಾಲ್ಕಕ್ಕೆ. ಡಬ್ಬಿಯ ಮುಚ್ಚಳ ಯಾರದೆಂದು ನನಗೆ ಗೊತ್ತಾಯಿತು. ಬಳೆ, ಬಾಟಲಿ, ನಾನು ಕೇಳಿರದ ಹೊಸ ದನಿಗಳು. ಸರದಿ ಕೈಯಿಂದ ಕೈಗೆ ಹೋಗುತ್ತಿತ್ತು. ಬರಬೇಕಾದವಳು ಬಂದಿರಲಿಲ್ಲ. ಈ ಕ್ಲಾಸಿನ ಮದುಮಗ ಇಷ್ಟು ದಿನ ನಾನೇ ಆಗಿದ್ದೆ! ಬಾಗಿಲ ಚಿಲಕದ ಮೇಲಿಟ್ಟ ಕೈ ತೆಗೆದೆ. ಗೋಡೆಗೊರಗಿ ನಿಂತೆ. ಕಾಲು ತನ್ನ ಪಾಡಿಗೆ ತಾನು ಶುರು ಮಾಡಿತು, ಈ ಸಲ ಅದುಮಲು ಯಾರೂ ಇರಲಿಲ್ಲ.

ಪ್ರಿನ್ಸಿಪಾಲರು ರೌಂಡ್ಸಿಗೆ ಬಂದರು.

"ಏನ್ ಮೇಡಂ, ಹೊರಗೇ ನಿಂತಿದೀರಿ? ಒಳಗೆ ಗಲಾಟೆ ಕೇಳಿಸ್ತಾ ಇಲ್ವಾ? ಹೋಗಿ ಪಾಠ ಮಾಡ್ರಿ."

"ಪಾಠ ನಡೀತಾ ಇದೆ, ಸರ್."

ಅವರು ಬೈಯಲು ಬಾಯಿ ತೆರೆದವರು ಹಾಗೇ ನಿಂತರು. ಒಳಗಿನಿಂದ ಹುಡುಗಿಯೊಬ್ಬಳ ದನಿ ಎದ್ದಿತು, "ತೋಚದ್ದು, ತೋಚದ್ದು..." ಅವರು ಎರಡೂ ಕೈ ಬೆನ್ನಿಗೆ ಕಟ್ಟಿಕೊಂಡು ಆಟದ ಮೈದಾನದ ಕಡೆ ಮುಖ ಮಾಡಿದರು, ತಮಗೂ ಇದಕ್ಕೂ ಸಂಬಂಧವಿಲ್ಲ ಎನ್ನುವಂತೆ. ನಾನು ಕೆಳಗೆ ನೋಡಲಿಲ್ಲ. ನೋಡಿದರೆ ನಿಲ್ಲಿಸಿಬಿಡುತ್ತಾರೆಂದು ಗೊತ್ತಿತ್ತು. ಸುಮ್ಮನೆ ಕಿವಿಯಲ್ಲೇ ಆ ಶೂ ಕೇಳುತ್ತ ನಿಂತೆ.

ಬೆಲ್ ಹೊಡೆಯುವ ಹೊತ್ತಿಗೆ ಅವರು, "ಇವತ್ತು ಯಾವ ಬಸ್ಸಿಗೆ ಬಂದ್ರಿ ಮೇಡಂ?" ಎಂದರು.

"ಎಂದಿನ ಬಸ್ಸೇ ಸರ್. ಐಮಂಗಲದ ಹತ್ತಿರ ತಡವಾಯಿತು."

"ಹಂಗಾದ್ರೆ ಬುಧವಾರ ಅದಾದ್ಮೇಲೆ ಬರೋ ಬಸ್ಸಿಗೆ ಬರ್ರಿ" ಎಂದು, ನನ್ನ ಮುಖ ನೋಡದೆ ಹೊರಟುಹೋದರು.